ಹಕ್ಕಿಗಳ ಮೈಯಲ್ಲಿ ಅಜ್ಞಾತ ವೈರಸ್ಸುಗಳ ಶೋಧ

ಮಾಗಿಯ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಹೊಲಗಳ ನಡುವೆ ನಡೆದು ಹೋಗುವವರಿಗೆ ಒಂದು ನೋಟವು ಕಾಣಸಿಗುವುದು. ಬಿಳಿಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ನೂರಾರು ಹಕ್ಕಿಗಳ ಹಿಂಡು ಮೋಡದಂತೆ ಬಂದು ಹೊಲದ ಮೇಲೆ ಇಳಿಯುವುದು. ಅಟ್ಟಣಿಗೆಯ ಮೇಲೆ ನಿಂತ ಕಾವಲುಗಾರನು ಕೂಗು ಹಾಕಿ ಕವಣೆ ಬೀಸಿದೊಡನೆ ಆ ಹಿಂಡು ಒಂದೇ ಮೈಯಾಗಿ ಎದ್ದು, ತಿರುಗಿ, ಮುಂದಿನ ಹೊಲಕ್ಕೆ ಎರಗುವುದು. ತಲೆ, ರೆಕ್ಕೆ, ಬಾಲಗಳು ಕಪ್ಪು. ಬೆನ್ನು, ಹೊಟ್ಟೆಗಳು ತಿಳಿಗೆಂಪು. ಇದೇ ಗುಲಾಬಿ ಕಬ್ಬಕ್ಕಿ. ಇದು ನಮ್ಮ ನಾಡಿನಲ್ಲಿ ಗೂಡು ಕಟ್ಟುವುದಿಲ್ಲ. ಮಧ್ಯ ಏಷ್ಯದ ಬಯಲುಗಳಲ್ಲಿ ಮರಿ ಮಾಡಿ, ಅಲ್ಲಿಯ ಚಳಿಗಾಲವನ್ನು ಕಳೆಯಲೆಂದು ನಮ್ಮಲ್ಲಿಗೆ ಬರುವುದು. ಬೇಸಿಗೆ ಬಲಿಯುತ್ತಲೇ ಬಂದ ದಾರಿಯಲ್ಲಿ ಮರಳುವುದು.

ನಾವು ಭೌತವಿಜ್ಞಾನವನ್ನು ಪಾಠ ಹೇಳುವವರು. ಒಂದು ದಿನ ತರಂಗಗಳ ಪಾಠ ಮುಗಿದ ಮೇಲೆ, ಭೀಮಾತೀರದ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: "ಸರ್, ಅಷ್ಟು ದೂರದಿಂದ ಬರುವ ಹಕ್ಕಿ ಅಲ್ಲಿಯ ರೋಗವನ್ನೂ ಹೊತ್ತು ತರುವುದಿಲ್ಲವೇ? ಹಕ್ಕಿಗಳು ಕೂಡುವ ಕೆರೆಯ ದಂಡೆಯ ಮರಗಳನ್ನು ಕಡಿಸಿಬಿಡಬೇಕೆಂದು ನಮ್ಮೂರಲ್ಲಿ ಮಾತು ನಡೆದಿದೆ." ಪ್ರಶ್ನೆಯು ಬಹಳ ಒಳ್ಳೆಯದು, ಆದರೆ ಅದರ ಹಿಂದಿದ್ದ ತೀರ್ಮಾನವು ಅವಸರದ್ದು. ಹಕ್ಕಿಯ ಮೇಲೆ ಹೊರಿಸಿದ ಈ ಆಪಾದನೆಯು ಹೊಸದಲ್ಲ. ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ರಾಜ್ಯದಲ್ಲಿಯೇ ಇದರ ವಿಚಾರಣೆ ನಡೆದಿತ್ತು. ಅದನ್ನು ತಿಳಿಯಬೇಕಾದರೆ ನಾವು ಸ್ವಲ್ಪ ಹೊತ್ತು ಭೀಮೆಯ ಬಯಲನ್ನು ಬಿಟ್ಟು ಶಿವಮೊಗ್ಗ ಜಿಲ್ಲೆಯ ಮಲೆನಾಡಿಗೆ ಹೋಗಬೇಕು.

ಕ್ಯಾಸನೂರಿನ ಕಾಡಿನಲ್ಲಿ

1957ನೆಯ ಇಸವಿಯ ಆರಂಭದಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದವು. ಕಪ್ಪುಮೋರೆಯ ಮುಸುವ, ಕೆಂಪುಮೋರೆಯ ಕೋತಿ ಎರಡೂ ಮರದಿಂದ ಉದುರಿ ಬಿದ್ದು ಸತ್ತವು. ಅದೇ ಸಮಯದಲ್ಲಿ ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುತ್ತಿದ್ದ ಜನರಿಗೆ ತೀವ್ರವಾದ ಜ್ವರ, ತಲೆನೋವು, ಮೈಕೈ ನೋವು ಬಂದವು. ಕೆಲವರಿಗೆ ರಕ್ತಸ್ರಾವವಾಯಿತು, ಕೆಲವರು ತೀರಿಕೊಂಡರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಬೀಳುವ ರೋಗವೆಂದರೆ ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವು ವೈದ್ಯರ ನೆನಪಿಗೆ ಬರುವುದು. ಆ ಜ್ವರವು ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಈಗ ಬಂದಿತೇ ಎಂಬ ಭಯ ಹುಟ್ಟಿತು.

1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದ ವಿಜ್ಞಾನಿಗಳು ಅಲ್ಲಿಗೆ ಧಾವಿಸಿದರು. (ಇದೇ ಕೇಂದ್ರವು 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರಾಗಿದೆ.) ಸತ್ತ ಮಂಗಗಳ ಅಂಗಾಂಶಗಳಿಂದಲೂ ರೋಗಿಗಳ ರಕ್ತದಿಂದಲೂ ಕಾಡಿನ ಉಣ್ಣಿಗಳಿಂದಲೂ ಅವರು ಒಂದೇ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ ವೈರಸ್ಸಾಗಿರಲಿಲ್ಲ. ಅದುವರೆಗೆ ಜಗತ್ತಿನಲ್ಲಿ ಯಾರೂ ಗುರುತಿಸದ ಹೊಸ ವೈರಸ್ಸು. ಕಾಡಿನ ಹೆಸರಿನಿಂದಲೇ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ಸೆಂಬ ಹೆಸರು ಬಂದಿತು. ಜನರು ಕರೆದದ್ದು ಮಂಗನ ಕಾಯಿಲೆ ಎಂದು. ಈ ಹೆಸರಿನಲ್ಲಿಯೇ ಒಂದು ಅನ್ಯಾಯವಿದೆ. ಮಂಗವು ರೋಗಕ್ಕೆ ಮೊದಲು ಬಲಿಯಾದ ಪ್ರಾಣಿ. ರೋಗವನ್ನು ಒಂದು ಮೈಯಿಂದ ಇನ್ನೊಂದಕ್ಕೆ ದಾಟಿಸುವುದು ಮಲೆನಾಡಿನವರು ಉಣುಗು ಎಂದು ಕರೆಯುವ ಉಣ್ಣಿ. ಅದರಲ್ಲಿಯೂ ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿ. ಮನುಷ್ಯನಿಂದ ಮನುಷ್ಯನಿಗೆ ಈ ರೋಗವು ಹರಡುವುದಿಲ್ಲ.

ಕಾಣದ್ದನ್ನು ಹಿಡಿಯುವ ಬಗೆ

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳಬೇಕು. ಯಾರೂ ಕಾಣದ, ಹೆಸರೇ ಇಲ್ಲದ ವಸ್ತುವನ್ನು ಹೊಸದೆಂದು ಹೇಳುವುದು ಹೇಗೆ?

ಮೊದಲು ಗಾತ್ರವನ್ನು ನೋಡೋಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಸಮಭಾಗ ಮಾಡಿದರೆ ಒಂದು ಭಾಗವು ಒಂದು ನಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವು ಸುಮಾರು 400ರಿಂದ 700 ನಾನೋಮೀಟರ್. ಒಳ್ಳೆಯ ಸೂಕ್ಷ್ಮದರ್ಶಕವಾದರೂ ಬೆಳಕಿನ ತರಂಗದೂರದ ಸುಮಾರು ಅರ್ಧಕ್ಕಿಂತ ಚಿಕ್ಕದಾದ ವಿವರವನ್ನು ಸಾಮಾನ್ಯವಾಗಿ ಬಿಡಿಸಿ ತೋರಿಸಲಾರದು. ಅಂದರೆ 200 ನಾನೋಮೀಟರು ಅದರ ಎಲ್ಲೆ. ಕ್ಯಾಸನೂರಿನ ವೈರಸ್ಸಿನ ವ್ಯಾಸವು ಸುಮಾರು 40ರಿಂದ 50 ನಾನೋಮೀಟರ್. ಕೆರೆಯ ದೊಡ್ಡ ಅಲೆಯು ನೀರಿನಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ಲಕ್ಷಿಸದೆ ಮುಂದೆ ಸಾಗುವಂತೆ, ಬೆಳಕು ಈ ಕಣವನ್ನು ದಾಟಿ ಹೋಗುವುದು. ಆದುದರಿಂದ ಬೆಳಕಿಗೆ ಬದಲು ಎಲೆಕ್ಟ್ರಾನುಗಳನ್ನು ಬಳಸಬೇಕಾಯಿತು. ಒಂದು ಲಕ್ಷ ವೋಲ್ಟಿನಿಂದ ವೇಗಗೊಳಿಸಿದ ಎಲೆಕ್ಟ್ರಾನಿನ ತರಂಗದೂರವು 0.004 ನಾನೋಮೀಟರಿಗಿಂತಲೂ ಕಡಮೆ. 1930ರ ದಶಕದಲ್ಲಿ ರೂಪುಗೊಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ವೈರಸ್ಸಿನ ಆಕಾರವು ಕಣ್ಣಿಗೆ ಬಿದ್ದಿತು.

ಆದರೆ ವೈರಸ್ಸು ಇದೆಯೆಂಬುದು ಅದಕ್ಕೂ ಬಹಳ ಹಿಂದೆಯೇ ತಿಳಿದಿತ್ತು. 1892ರಲ್ಲಿ ರಷ್ಯದ ಇವನೋವ್‌ಸ್ಕಿಯು ರೋಗ ತಗುಲಿದ ತಂಬಾಕಿನ ಎಲೆಯ ರಸವನ್ನು, ಬ್ಯಾಕ್ಟೀರಿಯಗಳು ನುಸುಳಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದನು. ಸೋಸಿ ಇಳಿದ ರಸವೂ ಆರೋಗ್ಯವಂತ ಗಿಡಕ್ಕೆ ರೋಗ ತಂದಿತು. 1898ರಲ್ಲಿ ಹಾಲೆಂಡಿನ ಬೈಯರಿಂಕನು ಅದೇ ಪರೀಕ್ಷೆಯನ್ನು ಮಾಡಿ, ಇದು ಹೊಸ ಬಗೆಯ ರೋಗಕಾರಕವೆಂದು ಸಾರಿ, ವೈರಸ್ ಎಂಬ ಹೆಸರನ್ನು ಬಳಸಿದನು. ಕಾಣದ ವಸ್ತುವನ್ನು ಅದರ ಕೆಲಸದಿಂದ ತಿಳಿಯುವ ಈ ಕ್ರಮವು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ವಿದ್ಯುತ್ತನ್ನು ನಾವು ಕಂಡಿಲ್ಲ. ದೀಪ ಹೊತ್ತಿದ್ದನ್ನು ಕಂಡಿದ್ದೇವೆ.

ಪುಣೆಯ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಸಂಶಯಾಸ್ಪದವಾದ ರಕ್ತವನ್ನೋ ಅರೆದ ಉಣ್ಣಿಯ ದ್ರವವನ್ನೋ, ಹುಟ್ಟಿ ಕೆಲವೇ ದಿನಗಳಾದ ಬಿಳಿ ಇಲಿಮರಿಗಳ ಮೆದುಳಿಗೆ ಸೂಜಿಯಿಂದ ಹಾಕುವರು. ಮರಿಗಳು ಕಾಯಿಲೆ ಬಿದ್ದರೆ ಆ ಮೆದುಳಿನ ಅಂಶವನ್ನು ಬೇರೆ ಮರಿಗಳಿಗೆ ದಾಟಿಸುವರು. ಅವೂ ಕಾಯಿಲೆ ಬಿದ್ದರೆ ಒಳಗೆ ಹೆಚ್ಚುತ್ತಿರುವ ಒಂದು ವಸ್ತುವಿದೆಯೆಂದಾಯಿತು. ಬರಿಯ ವಿಷವಾಗಿದ್ದರೆ ಪ್ರತಿ ಸಲ ದಾಟಿಸಿದಾಗಲೂ ತೆಳುವಾಗಿ ಕೊನೆಗೆ ನಿಷ್ಫಲವಾಗುತ್ತಿತ್ತು.

ಇನ್ನು ಅದರ ಕುಲವನ್ನು ಕಂಡುಹಿಡಿಯಬೇಕು. ವೈರಸ್ಸು ಮೈಗೆ ಹೊಕ್ಕಾಗ ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುವುವು. ಅವು ಬೀಗಕ್ಕೆ ತಕ್ಕ ಕೀಲಿಯಂತೆ ಆಯಾ ವೈರಸ್ಸನ್ನೇ ಹಿಡಿಯುವುವು. ಈ ಬಗೆಯ ವೈರಸ್ಸುಗಳಿಗೆ ಹೆಬ್ಬಾತಿನ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಬಲೆಯಂತೆ ಹೆಣೆಯುವ ಗುಣವುಂಟು. ಪುಟ್ಟ ಕುಳಿಯಲ್ಲಿ ರಕ್ತಕಣಗಳನ್ನಷ್ಟೇ ಹಾಕಿದರೆ ಅವು ಉರುಳಿ ತಳದಲ್ಲಿ ಕೆಂಪು ಚುಕ್ಕಿಯಾಗಿ ನಿಲ್ಲುವುವು. ವೈರಸ್ಸನ್ನು ಸೇರಿಸಿದರೆ ಬಲೆಯಾಗಿ ಹರಡಿ ನಿಲ್ಲುವುವು. ವೈರಸ್ಸಿಗೆ ಮೊದಲೇ ತಕ್ಕ ಪ್ರತಿಕಾಯವನ್ನು ಬೆರೆಸಿದ್ದರೆ ಬಲೆ ಹೆಣೆಯಲು ಅದಕ್ಕೆ ಆಗದು. ಮತ್ತೆ ಚುಕ್ಕಿಯೇ ಕಾಣುವುದು. ತಿಳಿದ ಪ್ರತಿಕಾಯದಿಂದ ತಿಳಿಯದ ವೈರಸ್ಸನ್ನೂ, ತಿಳಿದ ವೈರಸ್ಸಿನಿಂದ ತಿಳಿಯದ ಪ್ರತಿಕಾಯವನ್ನೂ ಹೀಗೆ ಗುರುತಿಸಬಹುದು. ಎಷ್ಟು ಸರಳ, ಎಷ್ಟು ಸುಂದರವಾದ ಪರೀಕ್ಷೆ!

ಹಕ್ಕಿಯ ಮೇಲೆ ಆಪಾದನೆ

ಇಂತಹ ಪರೀಕ್ಷೆಗಳಿಂದ ಒಂದು ಅಚ್ಚರಿಯ ಸಂಗತಿ ಹೊರಬಿದ್ದಿತು. ಕ್ಯಾಸನೂರಿನ ವೈರಸ್ಸಿನ ಹತ್ತಿರದ ನಂಟರು ಆಗ ತಿಳಿದಿದ್ದಂತೆ ಇದ್ದುದು ರಷ್ಯದಲ್ಲಿ! ಅಲ್ಲಿಯ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮೆದುಳುಜ್ವರದ ವೈರಸ್ಸು, ಸೈಬೀರಿಯದ ಓಮ್ಸ್ಕ್ ಪ್ರದೇಶದ ರಕ್ತಸ್ರಾವ ಜ್ವರದ ವೈರಸ್ಸು, ಇವುಗಳ ಗುಂಪಿಗೆ ಇದೂ ಸೇರಿತು. ಓಮ್ಸ್ಕ್ ನಗರವು 55° ಉತ್ತರ ಅಕ್ಷಾಂಶದಲ್ಲಿದೆ, ಸೊರಬವು 14°ಯಲ್ಲಿ. ರೇಖಾಂಶವು ಎರಡಕ್ಕೂ ಬಹುಮಟ್ಟಿಗೆ ಒಂದೇ. ಒಂದು ಅಕ್ಷಾಂಶಕ್ಕೆ 111 ಕಿಲೋಮೀಟರಿನಂತೆ ಲೆಕ್ಕ ಮಾಡಿದರೆ ನಡುವಣ ದೂರವು ಸುಮಾರು 4,550 ಕಿಲೋಮೀಟರು. ನಡುವೆ ಹಿಮಾಲಯವೇ ಅಡ್ಡ ನಿಂತಿದೆ. ಉಣ್ಣಿಯು ನಡೆದು ಬರಲಾರದು. ಪ್ರತಿ ವರ್ಷವೂ ಈ ದಾರಿಯನ್ನು ಕ್ರಮಿಸುವುದು ವಲಸೆ ಹಕ್ಕಿಯೊಂದೇ. ಹಕ್ಕಿಯ ಮೈಗೆ ಅಂಟಿದ ಉಣ್ಣಿಯಲ್ಲಿ ವೈರಸ್ಸು ಇಳಿದು ಬಂದಿರಬೇಕೆಂಬ ಊಹೆಯು ಸಹಜವಾಗಿಯೇ ಹುಟ್ಟಿತು.

ಊಹೆಯನ್ನು ನಂಬಿ ಸುಮ್ಮನಾಗದೆ ಪರೀಕ್ಷಿಸಲು ಹೊರಟದ್ದು ವಿಜ್ಞಾನಿಗಳ ಹಿರಿಮೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಪ್ರಸಿದ್ಧ ಪಕ್ಷಿತಜ್ಞ ಡಾ. ಸಾಲಿಂ ಅಲಿಯವರು ಅದರ ಮುಂದಾಳು. ಕಣ್ಣಿಗೆ ಕಾಣದಷ್ಟು ನವುರಾದ ಬಲೆಗಳಲ್ಲಿ ಹಕ್ಕಿಗಳನ್ನು ನೋವಾಗದಂತೆ ಹಿಡಿದು, ಕಾಲಿಗೆ ಸಂಖ್ಯೆ ಕೊರೆದ ಹಗುರವಾದ ಲೋಹದ ಬಳೆ ತೊಡಿಸಿ, ಮೈಮೇಲಿನ ಉಣ್ಣಿಗಳನ್ನು ಆಯ್ದುಕೊಂಡು ಬಿಟ್ಟುಬಿಡುವುದು ಇಲ್ಲಿಯ ಕ್ರಮ. ದೂರದೇಶದಲ್ಲಿ ಅದೇ ಹಕ್ಕಿ ಮತ್ತೆ ಕೈಗೆ ಸಿಕ್ಕಿದರೆ ಬಳೆಯ ಸಂಖ್ಯೆಯು ಅದರ ಪ್ರಯಾಣದ ಕಥೆಯನ್ನು ಹೇಳುವುದು. 1963ರಿಂದ 1971ರವರೆಗೆ ಏಷ್ಯದ ಹಲವು ದೇಶಗಳಲ್ಲಿ ಇಂತಹದೇ ಇನ್ನೊಂದು ದೊಡ್ಡ ಕಾರ್ಯವು ಎಲಿಯಟ್ ಮೆಕ್ಲ್ಯೂರರ ನೇತೃತ್ವದಲ್ಲಿ ನಡೆದು, ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಬಳೆ ತೊಟ್ಟವು.

ಫಲವೇನು? ಹಕ್ಕಿಗಳ ವಲಸೆಯ ದಾರಿಗಳ ವಿಷಯದಲ್ಲಿ ಅಪಾರವಾದ ತಿಳಿವಳಿಕೆ ಬಂದಿತು. ಆದರೆ ವಲಸೆ ಹಕ್ಕಿಯೇ ಸೈಬೀರಿಯದಿಂದ ಕ್ಯಾಸನೂರಿಗೆ ವೈರಸ್ಸನ್ನು ತಂದಿತೆನ್ನಲು ಮನವೊಪ್ಪುವ ಸಾಕ್ಷ್ಯವು ದೊರೆಯಲಿಲ್ಲ. ಊಹೆಗೆ ಎದುರಾದ ಸಂಗತಿಗಳೂ ಇದ್ದವು. ರಷ್ಯದ ಮೆದುಳುಜ್ವರವನ್ನು ಹರಡುವ ಉಣ್ಣಿಯ ಜಾತಿ ಬೇರೆ, ನಮ್ಮ ಕಾಡಿನದು ಬೇರೆ. ಎಳೆಯ ಉಣ್ಣಿಯು ಒಂದು ಮೈಯನ್ನು ಕಚ್ಚಿ ರಕ್ತ ಹೀರುವುದು ಕೆಲವು ದಿನಗಳು ಮಾತ್ರ. ಹೊಟ್ಟೆ ತುಂಬಿದೊಡನೆ ಕಳಚಿ ಬೀಳುವುದು. ಗಂಟೆಗೆ 50 ಕಿಲೋಮೀಟರಿನಂತೆ ಹಾರಿದರೂ 4,550 ಕಿಲೋಮೀಟರಿಗೆ 91 ಗಂಟೆಗಳ ಹಾರಾಟ ಬೇಕು. ಹಕ್ಕಿಯು ನಡುನಡುವೆ ಇಳಿದು, ಮೇದು, ವಿಶ್ರಮಿಸಿ ಬರುವುದರಿಂದ ಪ್ರಯಾಣಕ್ಕೆ ವಾರಗಳೇ ಹಿಡಿಯುವುವು. ಹೊರಟಲ್ಲಿ ಅಂಟಿದ ಉಣ್ಣಿಯು ತಲಪುವ ಮೊದಲೇ ಉದುರಿರುವ ಸಂಭವವೇ ಹೆಚ್ಚು.

ಇತ್ತ ಮಲೆನಾಡಿನಲ್ಲಿ ಕೆಲಸ ಮಾಡಿದ ಹೋರ್ಹೆ ಬೋಶೆಲ್ ಅವರು 1969ರಲ್ಲಿ ಇನ್ನೊಂದು ವಿವರಣೆಯನ್ನು ಮುಂದಿಟ್ಟರು. ವೈರಸ್ಸು ಹೊರಗಿನಿಂದ ಬಂದಿರಬೇಕಾಗಿಲ್ಲ. ಕಾಡಿನ ಸಣ್ಣ ಪ್ರಾಣಿಗಳು ಮತ್ತು ಉಣ್ಣಿಗಳ ನಡುವೆ ಬಹುಕಾಲದಿಂದ ಸದ್ದಿಲ್ಲದೆ ಸುತ್ತುತ್ತಿದ್ದಿರಬಹುದು. ಕಾಡನ್ನು ಕಡಿದು ಸಾಗುವಳಿಗೆ ತಂದು, ಅಂಚಿನಲ್ಲಿ ದನಗಳನ್ನು ಮೇಯಲು ಬಿಟ್ಟಾಗ, ಬೆಳೆದ ಉಣ್ಣಿಗಳಿಗೆ ಯಥೇಚ್ಛವಾಗಿ ರಕ್ತ ಸಿಕ್ಕಿ ಅವುಗಳ ಸಂಖ್ಯೆ ಬೆಳೆಯಿತು. ಮನುಷ್ಯನೂ ಮಂಗನೂ ಅವುಗಳ ದಾರಿಗೆ ಸಿಕ್ಕಿದರು. ಹೀಗಾದರೆ ಆಪಾದನೆಯ ಬೆರಳು ಹಕ್ಕಿಯನ್ನು ಬಿಟ್ಟು ನಮ್ಮ ಕಡೆಗೇ ತಿರುಗುವುದು!

ಮೂರು ಪ್ರಶ್ನೆಗಳು

ಹಾಗಾದರೆ ಹಕ್ಕಿಗಳು ಸಂಪೂರ್ಣ ನಿರ್ದೋಷಿಗಳೇ? ಅದೂ ಅವಸರದ ಮಾತು. ಯಾವ ಪ್ರಾಣಿಯ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಒಂದು: ವೈರಸ್ಸು ಅದರ ಮೈಯನ್ನು ಹೊಕ್ಕಿದೆಯೇ? ಎರಡು: ಇತರರಿಗೆ ದಾಟುವಷ್ಟು ಪ್ರಮಾಣದಲ್ಲಿ ಅಲ್ಲಿ ಹೆಚ್ಚುವುದೇ? ಮೂರು: ಅಲ್ಲಿಂದ ಮನುಷ್ಯನಿಗೆ ಬರಲು ದಾರಿಯುಂಟೇ? ಮೊದಲನೆಯದಕ್ಕೆ ಹೌದೆಂದ ಮಾತ್ರಕ್ಕೆ ಉಳಿದೆರಡಕ್ಕೆ ಉತ್ತರವಾಗದು.

ಕೋಲಾರ ಜಿಲ್ಲೆಯ ನಿದರ್ಶನವನ್ನು ನೋಡೋಣ. ಅಲ್ಲಿಯ ಕಾಡುಹಕ್ಕಿಗಳ ರಕ್ತದಲ್ಲಿ ಜಪಾನೀ ಮೆದುಳುಜ್ವರ ಮತ್ತು ವೆಸ್ಟ್ ನೈಲ್ ವೈರಸ್ಸುಗಳ ಪ್ರತಿಕಾಯಗಳು ಕಂಡುಬಂದುದನ್ನು ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ನೀರಿನ ಬಳಿ ಬಾಳುವ ಹಕ್ಕಿಗಳಲ್ಲಿಯೂ ನೆಲದ ಹಕ್ಕಿಗಳಲ್ಲಿಯೂ ಇವು ಇದ್ದವು. ಮೊದಲನೆಯ ಪ್ರಶ್ನೆಗೆ ಉತ್ತರ ಹೌದು. ಕೊಕ್ಕರೆ, ಬೆಳ್ಳಕ್ಕಿಗಳ ಕುಲದಲ್ಲಿ ಜಪಾನೀ ಮೆದುಳುಜ್ವರದ ವೈರಸ್ಸು ಚೆನ್ನಾಗಿ ಹೆಚ್ಚುವುದರಿಂದ ಎರಡನೆಯದಕ್ಕೂ ಹೌದು. ಆದರೆ ಮನುಷ್ಯನಿಗೆ ಅದನ್ನು ತಲಪಿಸುವುದು ಬೆಳ್ಳಕ್ಕಿಯಲ್ಲ, ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ. ಬೆಳ್ಳಕ್ಕಿಗಳ ಮರವನ್ನು ಕಡಿದರೆ ಸೊಳ್ಳೆ ಸಾಯುವುದಿಲ್ಲ. ಹಂದಿಗಳನ್ನು ಮನೆಗಳಿಂದ ದೂರವಿಡುವುದು, ಸೊಳ್ಳೆಪರದೆ, ಮಕ್ಕಳಿಗೆ ಲಸಿಕೆ, ಇವು ಸರಿಯಾದ ಉಪಾಯಗಳು.

ಹಕ್ಕಿಜ್ವರವು ಇನ್ನೂ ತೀಕ್ಷ್ಣವಾದ ನಿದರ್ಶನ. 2005ರಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಎಂಬ ಇನ್‌ಫ್ಲುಯೆಂಜ ವೈರಸ್ಸಿನಿಂದ ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆಯ ಹೆಬ್ಬಾತುಗಳು. ಈ ಜಾತಿಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪ್ರತಿ ಚಳಿಗಾಲ ಬರುವುವು. ಕಾಡುಹಕ್ಕಿಗಳು ಆ ವೈರಸ್ಸನ್ನು ದೂರ ಒಯ್ಯಬಲ್ಲವೆಂಬುದು ಈಗ ನಿಸ್ಸಂದೇಹ. ಆದರೆ ಆ ವೈರಸ್ಸು ಮೊದಲು ಸಿಕ್ಕಿದ್ದು 1996ರಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಸಾಕು ಹೆಬ್ಬಾತಿನಲ್ಲಿ! 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಅದು ತಗುಲಿ 6 ಜನ ಸತ್ತಾಗ ಅದರ ಮೂಲವಾಗಿದ್ದುದು ಮಾರುಕಟ್ಟೆಯ ಕೋಳಿಗಳು. ಒತ್ತೊತ್ತಾಗಿ ಕೂಡಿಹಾಕಿ ಸಾಕಿದ ಹಕ್ಕಿಗಳಲ್ಲಿ ಬಲಿತ ರೋಗವು ಕಾಡುಹಕ್ಕಿಗೆ ದಾಟಿತು. ಹಕ್ಕಿಯು ನಮಗೆ ರೋಗ ಕೊಡುವಂತೆ ನಾವೂ ಹಕ್ಕಿಗೆ ಕೊಡಬಲ್ಲೆವು.

ಮುಗಿಯದ ವಿಚಾರಣೆ

ಇಲಿಮರಿಯ ಪರೀಕ್ಷೆಗೆ ಒಂದು ಕೊರತೆಯಿತ್ತು. ಇಲಿಮರಿಯನ್ನು ಕಾಯಿಲೆ ಬೀಳಿಸದ ವೈರಸ್ಸು ಅದರ ಕಣ್ಣಿಗೆ ಬೀಳದು. ಇಂದು ಹಕ್ಕಿಯ ಗಂಟಲಿನ ಅಥವಾ ಹಿಕ್ಕೆಯ ಒಂದು ಚೂರಿನಲ್ಲಿರುವ ಎಲ್ಲ ಆನುವಂಶಿಕ ಬರಹವನ್ನೂ ಯಂತ್ರಗಳು ಓದಬಲ್ಲವು. ಕ್ಯಾಸನೂರಿನ ವೈರಸ್ಸಿನ ಬರಹವು ಸುಮಾರು 10,700 ಅಕ್ಷರಗಳಷ್ಟು ಉದ್ದ. ಓದಿದ ಬರಹವು ತಿಳಿದ ಯಾವ ವೈರಸ್ಸಿಗೂ ಪೂರ್ತಿಯಾಗಿ ಹೊಂದದೆ, ಒಂದು ಕುಲಕ್ಕೆ ದೂರದಿಂದ ಹೋಲುವಂತಿದ್ದರೆ, ಹೊಸ ವೈರಸ್ಸು ಸಿಕ್ಕಿತೆಂದು ಹೇಳುವರು. ಈ ಕ್ರಮದಿಂದ ಜಗತ್ತಿನ ಹಕ್ಕಿಗಳಲ್ಲಿ ಹೊಸ ಹೊಸ ವೈರಸ್ಸುಗಳು ಹೊರಬರುತ್ತಿವೆ. ಇದರಿಂದ ಹೆದರಬೇಕಾಗಿಲ್ಲ. ಆರೋಗ್ಯವಾಗಿ ಹಾರಾಡುವ ಹಕ್ಕಿಯಲ್ಲಿ ಸಿಕ್ಕ ಬರಹವು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರವೆಂಬುದನ್ನು ನೆನಪಿಡಬೇಕು.

ಇದೇ ಓದುವಿಕೆಯು ಕ್ಯಾಸನೂರಿನ ಹಳೆಯ ಕಡತವನ್ನೂ ಮತ್ತೆ ತೆರೆಯಿತು. ಸೌದಿ ಅರೇಬಿಯದಲ್ಲಿ 1995ರಲ್ಲಿ ಸಿಕ್ಕ ಅಲ್ಖುರ್ಮಾ ವೈರಸ್ಸು, ರಷ್ಯದ ವೈರಸ್ಸುಗಳಿಗಿಂತಲೂ ಇದಕ್ಕೆ ಹತ್ತಿರದ ನಂಟ. ಇವೆರಡೂ ಸುಮಾರು 700 ವರ್ಷಗಳ ಹಿಂದೆ ಕವಲೊಡೆದಿರಬೇಕೆಂದು 2011ರ ಒಂದು ಅಧ್ಯಯನವು ಲೆಕ್ಕಹಾಕಿತು. ಅಂದರೆ ನಂಟಸ್ತಿಕೆಯ ದಾರಿಯನ್ನು ಉತ್ತರಕ್ಕಿಂತ ಪಶ್ಚಿಮದಲ್ಲಿ ಹುಡುಕಬೇಕು. ಇನ್ನೊಂದು ಸ್ವಾರಸ್ಯ: ಯುರೋಪು ಮತ್ತು ಏಷ್ಯ ಮೈನರಿನಲ್ಲಿ ಹಿಡಿದ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳಲ್ಲಿ ಅಲ್ಖುರ್ಮಾ ವೈರಸ್ಸಿನ ಬರಹವು ಕಂಡುದು 2018ರಲ್ಲಿ ಪ್ರಕಟವಾಯಿತು. ಉಣ್ಣಿ ಹೊತ್ತ ಹಕ್ಕಿಯ ಊಹೆಯು ಬೇರೊಂದು ದಾರಿಯಿಂದ ಮತ್ತೆ ಕದ ತಟ್ಟಿದೆ! ಹಿಂದೆ "ಸಾಕ್ಷ್ಯ ಸಾಲದು" ಎಂದುದು ಸರಿ. ಹೊಸ ಸಾಕ್ಷ್ಯ ಬಂದಾಗ ಮತ್ತೆ ವಿಚಾರಿಸುವುದೂ ಸರಿ. ವಿಜ್ಞಾನದ ನ್ಯಾಯಾಲಯದಲ್ಲಿ ಕಡತವು ಶಾಶ್ವತವಾಗಿ ಮುಚ್ಚುವುದಿಲ್ಲ.

ಈಗ ಭೀಮಾತೀರಕ್ಕೆ ಮರಳೋಣ. ಕ್ಯಾಸನೂರಿನ ಕಾಯಿಲೆಯು ಪಶ್ಚಿಮಘಟ್ಟದ ಕಾಡುಗಳ ರೋಗ. ನಮ್ಮ ಎರೆಯ ಬಯಲಿನದಲ್ಲ. ಜೋಳ ತಿನ್ನುವ ಗುಲಾಬಿ ಕಬ್ಬಕ್ಕಿಯು ಮಿಡತೆಗಳನ್ನೂ ಹೇರಳವಾಗಿ ತಿಂದು ರೈತನ ಸಾಲವನ್ನು ಒಂದಿಷ್ಟು ತೀರಿಸುವುದು. ಮರ ಕಡಿದರೆ ಹಕ್ಕಿಗಳು ಪಕ್ಕದ ಊರಿಗೆ ಚದರುವುವು. ರೋಗವಿದ್ದರೆ ಅದೂ ಅವುಗಳೊಡನೆ ಚದರುವುದು. ಹಾಗಾದರೆ ಮಾಡಬೇಕಾದುದೇನು? ಕೆರೆ ಹೊಲಗಳಲ್ಲಿ ಹಲವು ಹಕ್ಕಿಗಳು ಒಟ್ಟಿಗೆ ಸತ್ತು ಬಿದ್ದುದನ್ನು ಕಂಡರೆ ಬರಿಗೈಯಿಂದ ಮುಟ್ಟಬಾರದು. ನಾಯಿ, ಕೋಳಿಗಳನ್ನು ಹತ್ತಿರ ಬಿಡಬಾರದು. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಯಾವ ಹಕ್ಕಿ, ಎಷ್ಟು, ಎಂದು, ಎಲ್ಲಿ ಎಂಬುದನ್ನು ಬರೆದಿಡಬೇಕು. 1957ರಲ್ಲಿ ಮಂಗಗಳು ಸತ್ತುದನ್ನು ಗಮನಿಸಿದ್ದರಿಂದಲ್ಲವೇ ಜಗತ್ತಿಗೆ ಒಂದು ಹೊಸ ವೈರಸ್ಸು ತಿಳಿದುದು?

ನಮ್ಮ ವಿದ್ಯಾರ್ಥಿಗೆ ನಾವು ಇಷ್ಟನ್ನೇ ಹೇಳಿದೆವು: ಊರಿನ ಹಿರಿಯರ ಮುಂದೆ ಈ ಮೂರು ಪ್ರಶ್ನೆಗಳನ್ನು ಇಡು, ಮೂರಕ್ಕೂ ಸಾಕ್ಷ್ಯಸಹಿತವಾದ ಉತ್ತರ ಬರುವವರೆಗೆ ಕೊಡಲಿಯು ಗೋಡೆಗೆ ಒರಗಿಯೇ ಇರಲಿ.

ಅಭ್ಯಾಸ

1. 50 ನಾನೋಮೀಟರ್ ವ್ಯಾಸದ ವೈರಸ್ಸುಗಳನ್ನು ಒತ್ತಾಗಿ ಸಾಲಿಟ್ಟರೆ ಒಂದು ಮಿಲಿಮೀಟರಿನಲ್ಲಿ ಎಷ್ಟು ಹಿಡಿಸುವುವು? (ಉತ್ತರ: 20,000)

2. ಜೇವರ್ಗಿಯು ಸುಮಾರು 17° ಉತ್ತರ ಅಕ್ಷಾಂಶದಲ್ಲಿದೆ. 47° ಉತ್ತರದಿಂದ ನೇರವಾಗಿ ದಕ್ಷಿಣಕ್ಕೆ ಹಾರಿ ಬರುವ ಹಕ್ಕಿಯು ಎಷ್ಟು ದೂರ ಕ್ರಮಿಸುವುದು? (ಉತ್ತರ: ಸುಮಾರು 3,330 ಕಿಲೋಮೀಟರು)

3. ಒಂದು ಬೆಳ್ಳಕ್ಕಿಯ ರಕ್ತದಲ್ಲಿ ಒಂದು ವೈರಸ್ಸಿನ ಪ್ರತಿಕಾಯ ಸಿಕ್ಕಿತು. ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ದೊರೆಯಿತು? ಉಳಿದವಕ್ಕೆ ಉತ್ತರ ಪಡೆಯಲು ಏನು ಮಾಡಬೇಕೆಂಬುದನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.